ಖಾತೆ ಜೋಡಿಸಿ ಎಂದು ಕಂಪನಿ ಹಟ ಹಿಡಿದಾಗ

ಆ್ಯಪ್ ತೆರೆದ ಕೂಡಲೇ ಒಂದು ಪರದೆ ಅಡ್ಡ ಬರುತ್ತದೆ: ನಿಮ್ಮ ಹಳೆಯ ಖಾತೆಯನ್ನು ನಮ್ಮ ಮುಖ್ಯ ಖಾತೆಗೆ ವರ್ಗಾಯಿಸಿಕೊಳ್ಳಿ. ಕೆಳಗೆ ಅಗಲವಾದ ‘ಮುಂದುವರಿಸಿ’ ಬಟನ್. ಅದರಡಿ ಬೂದು ಬಣ್ಣದ ಸಣ್ಣಕ್ಷರದಲ್ಲಿ ‘ಆಮೇಲೆ ನೋಡೋಣ’. ಕೆಲವು ತಿಂಗಳು ಕಳೆದ ಮೇಲೆ ಆ ಸಣ್ಣಕ್ಷರವೂ ಇರುವುದಿಲ್ಲ, ಅದರ ಜಾಗದಲ್ಲಿ ಒಂದು ಕೊನೆಯ ದಿನಾಂಕ ಇರುತ್ತದೆ. ಮೂಗು ಹಿಡಿದರೆ ಬಾಯಿ ತೆರೆಯಲೇಬೇಕು.

ಬರೀ ಲಾಗಿನ್ ಬದಲಾವಣೆ ಎಂದುಕೊಂಡು ಜನ ಒತ್ತಿಬಿಡುತ್ತಾರೆ. ಒಂದು ಪಾಸ್‌ವರ್ಡ್ ಕಮ್ಮಿಯಾಯಿತಲ್ಲ, ಒಳ್ಳೆಯದೇ ಆಯಿತು ಎಂಬ ಲೆಕ್ಕ. ಸರ್ವರ್ ಕಡೆ ನಡೆಯುವುದು ಬೇರೆಯೇ. ಅಲ್ಲಿ ಒಂದು ಟೇಬಲ್‌ನಲ್ಲಿ ನಿಮ್ಮ ವಾಚು ಕಳಿಸಿದ ಹೃದಯ ಬಡಿತ, ನಿದ್ದೆಯ ಲೆಕ್ಕ ಇದೆ. ಇನ್ನೊಂದರಲ್ಲಿ ನೀವು ಹುಡುಕಿದ ಪದಗಳು, ನೋಡಿದ ವಿಡಿಯೊ, ಓಡಾಡಿದ ಜಾಗ ಇವೆ. ನಿನ್ನೆಯವರೆಗೆ ಎರಡಕ್ಕೂ ಬೇರೆ ಬೇರೆ ಬಳಕೆದಾರ ಸಂಖ್ಯೆ. ವಿಲೀನ ಎಂದರೆ ಆ ಎರಡೂ ಸಂಖ್ಯೆ ನನ್ನದೇ ಎಂದು ನೀವೇ ರುಜು ಹಾಕಿ ಕೊಡುವುದು. ಕಂಪನಿ ಅಲ್ಲಿಯವರೆಗೆ ಊಹೆ ಮಾಡಬೇಕಿತ್ತು, ಇನ್ನು ಮುಂದೆ ಆ ಅಗತ್ಯವಿಲ್ಲ.

ಹಿಂದಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಗೂಗಲ್ 2014ರಲ್ಲಿ 320 ಕೋಟಿ ಡಾಲರ್‌ಗೆ ಮನೆಯ ಸ್ಮಾರ್ಟ್ ಸಾಧನ ಮಾಡುವ ನೆಸ್ಟ್ ಕಂಪನಿಯನ್ನು ಕೊಂಡು, 2019ರಲ್ಲಿ ನೆಸ್ಟ್ ಖಾತೆಗಳನ್ನು ಗೂಗಲ್ ಖಾತೆಗೆ ಸೇರಿಸತೊಡಗಿತು. ಒಮ್ಮೆ ಗೂಗಲ್ ಕಡೆಗೆ ದಾಟಿದವರಿಗೆ ಮತ್ತೆ ನೆಸ್ಟ್ ಖಾತೆ ಸಿಗುವುದಿಲ್ಲ ಎಂಬುದು ಮೊದಲ ದಿನದಿಂದಲೂ ಇದ್ದ ನಿಯಮ. ಜೋಡಿಸುವುದೋ ಬೇಡವೋ ಎಂಬುದು ಎಷ್ಟೋ ಸಲ ನಮ್ಮ ಕೈಯಲ್ಲಿರುವುದಿಲ್ಲ. ಯಾವ ಖಾತೆಗೆ ಜೋಡಿಸುವುದು ಎಂಬುದು ಮಾತ್ರ ಇರುತ್ತದೆ, ಅದೂ ಒಂದೇ ಸಲ. ಜನ ಅದನ್ನೂ ಫೋನಿಗೆ ಬಿಟ್ಟುಬಿಡುತ್ತಾರಲ್ಲ, ಎಡವುವುದು ಅಲ್ಲೇ.

ಹಳೆಯ ಚಾಳಿ

ಇದು ಇತ್ತೀಚಿನ ಆಟವಲ್ಲ. ಯಾಹೂ 2005ರಲ್ಲಿ ಫೋಟೊ ಹಂಚಿಕೊಳ್ಳುವ ತಾಣ ಫ್ಲಿಕರ್ ಕೊಂಡಿತು. 2007ರ ಮಾರ್ಚ್ 15ರ ನಂತರ ಹಳೆಯ ಫ್ಲಿಕರ್ ಲಾಗಿನ್ ನಡೆಯದು, ಯಾಹೂ ಗುರುತು ಇರಲೇಬೇಕು ಎಂದಿತು. ಫೋಟೊ ಹಾಕುವವರು ಆಗ ಗಲಾಟೆ ಮಾಡಿದ್ದು ಬರೀ ಮೊಂಡುತನ ಎಂದವರಿದ್ದರು. 2013ರಲ್ಲಿ ಯಾಹೂ ಮೇಲೆ ಕಳ್ಳರು ದಾಳಿ ಮಾಡಿದರು. ಒಟ್ಟು 300 ಕೋಟಿ ಖಾತೆಗಳೂ ಅದರಲ್ಲಿ ಸಿಕ್ಕಿಕೊಂಡಿದ್ದವು ಎಂದು ಹೊರಗೆ ಬಂದದ್ದು 2017ರಲ್ಲಿ. ಫ್ಲಿಕರ್‌ಗೆಂದೇ ಒಲ್ಲದ ಮನಸ್ಸಿನಿಂದ ಯಾಹೂ ಗುರುತು ಮಾಡಿಸಿಕೊಂಡವರ ಖಾತೆಯೂ ಅದೇ ಗುಂಪಿನಲ್ಲಿ. ಊರಿನ ಮನೆಗಳಿಗೆಲ್ಲ ಒಂದೇ ಬೀಗದ ಕೈ ಮಾಡಿಸಿದರೆ ಆಗುವುದೇ ಅದು.

ಯೂಟ್ಯೂಬ್‌ನಲ್ಲಿ ಕಾಮೆಂಟ್ ಹಾಕಲು ಗೂಗಲ್‌ನದೇ ಸಾಮಾಜಿಕ ಜಾಲತಾಣವಾದ ಗೂಗಲ್ ಪ್ಲಸ್‌ನ ಖಾತೆ ಬೇಕು ಎಂದದ್ದು 2013ರ ನವೆಂಬರ್. ಯೂಟ್ಯೂಬ್ ಕಟ್ಟಿದವರಲ್ಲಿ ಒಬ್ಬರಾದ ಜಾವೇದ್ ಕರೀಂ ಅವರೇ ತಮ್ಮ ಚಾನೆಲ್‌ನಲ್ಲಿ ಇದೆಲ್ಲ ಯಾಕೆ ಬೇಕು ಎಂದು ಒರಟಾಗಿ ಕೇಳಿದರು. 2015ರಲ್ಲಿ ಗೂಗಲ್ ಆ ನಿಯಮದಿಂದ ಹಿಂದೆ ಸರಿಯಿತು, 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರ ಗೂಗಲ್ ಪ್ಲಸ್ಸೇ ಮುಚ್ಚಿತು. ಅದಕ್ಕೂ ಮುಂಚೆ 2012ರ ಮಾರ್ಚ್ 1ರಂದು ಗೂಗಲ್ ತನ್ನ 60ಕ್ಕೂ ಹೆಚ್ಚು ಗೌಪ್ಯತಾ ನೀತಿಗಳನ್ನು ಒಂದಾಗಿಸಿತ್ತು. ಕಾಮೆಂಟ್ ಜಗಳದಷ್ಟು ಸದ್ದು ಮಾಡದ ಈ ಬದಲಾವಣೆಯೇ ನನ್ನ ಲೆಕ್ಕದಲ್ಲಿ ದೊಡ್ಡದು. ಲಾಗಿನ್ ಮುಂಚಿನಿಂದಲೂ ಒಂದೇ ಇತ್ತು, ಒಂದು ಸೇವೆಯ ಡೇಟಾ ಇನ್ನೊಂದರಲ್ಲಿ ಬಳಸಲು ಇದ್ದ ಗೋಡೆ ಅವತ್ತು ಬಿತ್ತು.

ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಆಡುವ ಸಾಧನ) ಮಾಡುವ ಆಕ್ಯುಲಸ್ ಕಥೆ ಇನ್ನೂ ಸ್ಪಷ್ಟ. ಫೇಸ್‌ಬುಕ್ ಅದನ್ನು ಕೊಂಡದ್ದು 2014ರಲ್ಲಿ. 2020ರ ಅಕ್ಟೋಬರ್‌ನಿಂದ ಹೊಸದಾಗಿ ಹೆಡ್‌ಸೆಟ್ ಕೊಳ್ಳುವವರಿಗೆ ಫೇಸ್‌ಬುಕ್ ಲಾಗಿನ್ ಕಡ್ಡಾಯವಾಯಿತು. ಹೆಡ್‌ಸೆಟ್‌ಗೆಂದೇ ಹೊಸ ಫೇಸ್‌ಬುಕ್ ಖಾತೆ ತೆರೆದ ಕೆಲವರದ್ದು ನಕಲಿ ಖಾತೆ ಎಂದು ಯಂತ್ರವೇ ತೀರ್ಮಾನಿಸಿ ಬಂದ್ ಮಾಡಿತು. ದುಡ್ಡು ಕೊಟ್ಟು ತಂದ ಸಾಧನ ಮೂಲೆಗೆ. ಫೇಸ್‌ಬುಕ್ ಖಾತೆ ಅಳಿಸಿದರೆ ಕೊಂಡ ಆಟಗಳೂ ಹೋಗುತ್ತವೆ ಎಂಬ ನಿಯಮ ಬೇರೆ ಇತ್ತು. ಜರ್ಮನಿಯ ಸ್ಪರ್ಧಾ ನಿಯಂತ್ರಣ ಸಂಸ್ಥೆ ಬುಂಡೆಸ್‌ಕಾರ್ಟೆಲ್ಆಮ್ಟ್ 2020ರ ಡಿಸೆಂಬರ್‌ನಲ್ಲಿ ವಿಚಾರಣೆ ಶುರು ಮಾಡಿತು. 2022ರ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನಿಂದ ಬೇರೆಯಾದ ಮೆಟಾ ಖಾತೆ ಬಂತು.

ಹೆಲ್‌ಡೈವರ್ಸ್ 2 ಆಟದ ವಿಷಯದಲ್ಲಿ ಸೋನಿ 2024ರ ಮೇ ತಿಂಗಳಲ್ಲಿ ಇದೇ ಮಾಡಲು ಹೋಗಿ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಕಂಪ್ಯೂಟರ್ ಆಟಗಳ ಅಂಗಡಿ ಸ್ಟೀಮ್‌ನಲ್ಲಿ ಆಟ ಕೊಂಡಿದ್ದ ಎಷ್ಟೋ ದೇಶಗಳವರಿಗೆ ಸೋನಿಯ ಪ್ಲೇಸ್ಟೇಷನ್ ಖಾತೆ ತೆರೆಯುವ ಅವಕಾಶವೇ ಇರಲಿಲ್ಲ! ಗದ್ದಲಕ್ಕೆ ಬೇಗ ಫಲ ಸಿಗುವುದು ಕೊನೆಯ ದಿನಾಂಕಕ್ಕೆ ಮುಂಚೆ ಆದಾಗ. ಆಮೇಲೆ ಕಂಪನಿಗೆ ಹಿಂದೆ ಸರಿಯುವುದೂ ಖರ್ಚಿನ ಬಾಬ್ತು.

ಜೋಡಿಸುವ ಕೊಂಡಿ ಯಾವುದು

ಬೇರೆ ಹೆಸರು ಕೊಟ್ಟರೆ ಸಾಕು, ಅವರಿಗೆ ಗೊತ್ತಾಗುವುದಿಲ್ಲ ಎನ್ನುವವರಿದ್ದಾರೆ. ಹೆಸರು ಮುಖ್ಯವಲ್ಲ. ಹೆಚ್ಚಾಗಿ ಕೊಂಡಿಯಾಗುವುದು ಇಮೇಲ್ ಮತ್ತು ಮೊಬೈಲ್ ಸಂಖ್ಯೆ. ಜಾಹೀರಾತು ವ್ಯವಸ್ಥೆಗಳಲ್ಲಿ ಇಮೇಲನ್ನು ಮೊದಲು ಒಂದು ಅಚ್ಚಿಗೆ ತರುತ್ತಾರೆ: ಎಲ್ಲವನ್ನೂ ಸಣ್ಣಕ್ಷರ ಮಾಡಿ, ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆದು, ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಹಾಕುತ್ತಾರೆ. 64 ಅಕ್ಷರಗಳ ಒಂದು ಸರ ಹೊರಬರುತ್ತದೆ, ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಅದೇ ಇಮೇಲನ್ನು ಯಾರು ಎಲ್ಲಿ ಹಾಕಿದರೂ ಅದೇ 64 ಅಕ್ಷರ. ‘ನಿಮ್ಮ ಇಮೇಲ್ ಹಂಚಿಕೊಳ್ಳುವುದಿಲ್ಲ, ಹ್ಯಾಶ್ ಮಾತ್ರ’ ಎಂಬ ಸಮಾಧಾನದ ಮಾತಿಗೆ ಬೆಲೆ ಕೊಡಬೇಡಿ. ಎರಡು ಪಟ್ಟಿ ತಾಳೆ ನೋಡಲು ಆ ಸರವೇ ಸಾಕು.

ಜಿಮೇಲ್‌ನಲ್ಲಿ ಹೆಸರಿನ ನಂತರ ಪ್ಲಸ್ ಗುರುತು ಹಾಕಿ ‘ಆಟ’, ‘ವಾಚು’ ಎಂದು ಸೇರಿಸುವ ಉಪಾಯವೂ ಇಲ್ಲಿ ಕೆಲಸ ಮಾಡುವುದಿಲ್ಲ. ಪ್ಲಸ್ ನಂತರದ್ದನ್ನು, ಜಿಮೇಲ್ ವಿಳಾಸದಲ್ಲಿರುವ ಚುಕ್ಕಿಗಳನ್ನು ಕಿತ್ತುಹಾಕಿ ಆಮೇಲೆ ಹ್ಯಾಶ್ ಮಾಡುವುದು ಈ ಕಸುಬಿನಲ್ಲಿ ಸಾಮಾನ್ಯ. ಯಾರು ವಿಳಾಸ ಸೋರಿಸಿದರು ಎಂದು ಪತ್ತೆ ಹಚ್ಚಲು ಪ್ಲಸ್ ಉಪಯೋಗ, ಗುರುತು ಬೇರೆ ಇಡಲು ಅಲ್ಲ. ಅದಕ್ಕೆ ಬೇಕಾದ್ದು ನಿಜವಾದ ಅಲಿಯಾಸ್. ಆ್ಯಪಲ್‌ನ ‘ಹೈಡ್ ಮೈ ಇಮೇಲ್’, ಫೈರ್‌ಫಾಕ್ಸ್ ರಿಲೇ, ಸಿಂಪಲ್‌ಲಾಗಿನ್ ಇಂಥವು ಪ್ರತಿ ಸೇವೆಗೂ ಸಂಬಂಧವೇ ಇಲ್ಲದ ಒಂದು ವಿಳಾಸ ಕೊಟ್ಟು, ಅಲ್ಲಿಗೆ ಬಂದದ್ದನ್ನು ನಿಮ್ಮ ಅಸಲಿ ಪೆಟ್ಟಿಗೆಗೆ ದಾಟಿಸುತ್ತವೆ.

ಮೊಬೈಲ್ ಸಂಖ್ಯೆ ಇನ್ನೂ ಗಟ್ಟಿ ಕೊಂಡಿ. ಇಮೇಲ್ ಹತ್ತು ಮಾಡಿಕೊಳ್ಳಬಹುದು, ಸಂಖ್ಯೆ ವರ್ಷಗಟ್ಟಲೆ ಒಂದೇ. ವಾಟ್ಸ್‌ಆ್ಯಪ್ ಕೊಳ್ಳುವಾಗ 2014ರಲ್ಲಿ ಫೇಸ್‌ಬುಕ್ ಐರೋಪ್ಯ ಆಯೋಗಕ್ಕೆ ಹೇಳಿದ್ದು, ಎರಡೂ ಕಡೆಯ ಖಾತೆಗಳನ್ನು ತಾನೇ ತಾನಾಗಿ ನಂಬುವಂತೆ ತಾಳೆ ಹಾಕಲು ಆಗದು ಎಂದು. 2016ರ ಆಗಸ್ಟ್‌ನಲ್ಲಿ ಸಂಖ್ಯೆಗಳ ಮೂಲಕ ಜೋಡಿಸುವ ನೀತಿ ಬಂತು. ಆ ಸಾಧ್ಯತೆ 2014ರಲ್ಲೇ ಇತ್ತು, ಸಿಬ್ಬಂದಿಗೂ ಗೊತ್ತಿತ್ತು ಎಂದು ಆಯೋಗ 2017ರ ಮೇ ತಿಂಗಳಲ್ಲಿ 11 ಕೋಟಿ ಯೂರೊ ದಂಡ ಹಾಕಿತು. ಸುರಕ್ಷತೆಗೆಂದು ಕೊಟ್ಟ ಸಂಖ್ಯೆಯನ್ನು ಜಾಹೀರಾತಿಗೆ ಬಳಸಿದ್ದಕ್ಕೆ ಟ್ವಿಟರ್ 2022ರಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ತೆತ್ತಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಎರಡು ಹಂತದ ಲಾಗಿನ್‌ಗೆ ಎಸ್‌ಎಂಎಸ್ ಬಿಟ್ಟು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಪಾಸ್‌ವರ್ಡ್ ಬದಲು ಫೋನಿನ ಬೀಗವನ್ನೇ ಬಳಸುವ ಪಾಸ್‌ಕೀ ಬಳಸಿ ಎನ್ನಲು ಸಿಮ್ ಕಳ್ಳತನ ಒಂದೇ ಕಾರಣವಲ್ಲ.

ಫೋನಿನೊಳಗೂ ಒಂದು ಕೊಂಡಿ ಇದೆ. ಐಫೋನ್‌ನಲ್ಲಿ ‘ಟ್ರ್ಯಾಕ್ ಮಾಡಬೇಡಿ’ ಎಂದು ಒತ್ತಿದರೆ ತಡೆಯಾಗುವುದು ಬೇರೆ ಕಂಪನಿಗಳ ನಡುವಿನ ಹಂಚಿಕೆ. ಒಂದೇ ಕಂಪನಿಯ ಎಲ್ಲ ಆ್ಯಪ್‌ಗಳಿಗೂ ಆ ಫೋನಿನಲ್ಲಿ ಒಂದೇ ‘ವೆಂಡರ್ ಗುರುತು’ ಸಿಗುತ್ತದೆ, ಅದಕ್ಕೆ ಅನುಮತಿ ಕೇಳಬೇಕಾಗಿಲ್ಲ. ಆ ಕಂಪನಿಯ ಎಲ್ಲ ಆ್ಯಪ್‌ಗಳನ್ನೂ ತೆಗೆದು ಮತ್ತೆ ಹಾಕಿದರೆ ಮಾತ್ರ ಗುರುತು ಬದಲಾಗುತ್ತದೆ, ಒಂದು ಉಳಿದರೂ ಹಳೆಯದೇ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಗೌಪ್ಯತೆ ವಿಭಾಗದೊಳಗೆ ಜಾಹೀರಾತು ಗುರುತನ್ನು ಅಳಿಸುವ ಆಯ್ಕೆ ಇದೆ, ಅದನ್ನು ಈಗಲೇ ಅಳಿಸಿಬಿಡಿ. ಅಷ್ಟರಿಂದಲೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಒಂದೇ ವೈಫೈ, ಒಂದೇ ಫೋನ್, ಒಂದೇ ಹೊತ್ತು ಎಂದಾದರೆ ಊಹೆಗೆ ಜಾಗ ಇದ್ದೇ ಇರುತ್ತದೆ. ಊಹೆ ಬೇರೆ, ರುಜು ಬೇರೆ.

ಒತ್ತುವ ಮುಂಚೆ, ಈ ಕ್ರಮದಲ್ಲಿ

ಮೊದಲು ಹಳೆಯ ಖಾತೆಯ ಇಮೇಲ್ ಇನ್ನೂ ತೆರೆಯುತ್ತದೆಯೇ ನೋಡಿ. ಖಾತೆ ದಾಟಿಸುವ ಕೋಡ್ ಹೋಗುವುದು ಅಲ್ಲಿಗೇ. ಮೈನ್‌ಕ್ರಾಫ್ಟ್ ಆಟದಲ್ಲಿ ಎಷ್ಟೋ ಜನ ಸಿಕ್ಕಿಬಿದ್ದದ್ದು ಇಲ್ಲೇ: ಹತ್ತು ವರ್ಷದ ಹಿಂದೆ ಯಾವುದೋ ಇಮೇಲ್‌ನಲ್ಲಿ ಆಟ ಕೊಂಡಿದ್ದರು, ಆ ಇಮೇಲ್ ಸತ್ತು ಹೋಗಿತ್ತು. ಆ ಆಟ ಮಾಡಿದ ಮೊಜಾಂಗ್ ಕಂಪನಿಯ ಖಾತೆಗಳನ್ನು ಅದರ ಒಡೆಯ ಮೈಕ್ರೊಸಾಫ್ಟ್‌ನ ಖಾತೆಗೆ ಸೇರಿಸುವುದಾಗಿ ಘೋಷಿಸಿದ್ದು 2020ರ ಅಕ್ಟೋಬರ್‌ನಲ್ಲಿ. 2022ರ ಮಾರ್ಚ್ 10ರ ನಂತರ ಸೇರಿಸದೆ ಆಡುವಂತಿರಲಿಲ್ಲ, 2023ರಲ್ಲಿ ಸೇರಿಸುವ ಬಾಗಿಲೂ ಮುಚ್ಚಿತು. ದಾಟದವರು ಆಟವನ್ನು ಮತ್ತೆ ಕೊಳ್ಳಬೇಕು. ಇಲ್ಲಿ ಕಂಪನಿ ಕೊಟ್ಟ ಕಾರಣ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಮೊಜಾಂಗ್ ಖಾತೆಗೆ ಎರಡು ಹಂತದ ಲಾಗಿನ್ ಇರಲಿಲ್ಲ, ಖಾತೆ ಕದಿಯುವುದು ದಂಧೆಯಾಗಿತ್ತು. ಆದರೆ ಅದೇ ಖಾತೆಗೆ ಎರಡನೇ ಹಂತ ಸೇರಿಸುವುದೂ ಒಂದು ದಾರಿಯಾಗಿತ್ತಲ್ಲ.

ಅಲ್ಲೇ ಇನ್ನೊಂದು ಸಿಕ್ಕು, ಹುಟ್ಟಿದ ದಿನಾಂಕ. ಯಾವತ್ತೋ ಮಾಡಿದ ಮೈಕ್ರೊಸಾಫ್ಟ್ ಖಾತೆಯಲ್ಲಿ ಬಾಯಿಗೆ ಬಂದ ವರ್ಷ ಹಾಕಿದ್ದರೆ ಅದು ಮಕ್ಕಳ ಖಾತೆಯಾಗಿ ನಿಂತಿರುತ್ತದೆ. ಆಗ ಪೋಷಕರ ಖಾತೆಯಿಂದ ಒಪ್ಪಿಗೆ ಸಿಗುವವರೆಗೆ ಬೇರೆಯವರ ಜೊತೆ ಆಡಲಾಗದು. ಜೋಡಿಸುವ ಮುಂಚೆ ಎರಡೂ ಕಡೆ ದಿನಾಂಕ ಮತ್ತು ದೇಶ ತೆರೆದು ನೋಡಿ. ದೇಶ ಹೊಂದದಿದ್ದರೆ ಕೊಂಡ ಸಾಮಾನು ಕಾಣದೆ ಹೋಗುವುದುಂಟು.

ಆಮೇಲೆ ಡೇಟಾ ಇಳಿಸಿಕೊಳ್ಳಿ. ವಿಲೀನಕ್ಕೆ ಎರಡು ವಾರ ಮುಂಚೆಯೇ ಕೇಳಿ. ದೊಡ್ಡ ಖಾತೆಯ ಕಡತ ತಯಾರಾಗಲು ಗಂಟೆಗಳಿಂದ ದಿನಗಳೇ ಬೇಕು. ಗೂಗಲ್‌ನಲ್ಲಿ ಡೇಟಾ ಇಳಿಸಿಕೊಳ್ಳುವ ಸೇವೆ ಟೇಕ್‌ಔಟ್, ಅದರ ಡೌನ್‌ಲೋಡ್ ಲಿಂಕ್ ಸುಮಾರು 7 ದಿನ ಮಾತ್ರ ಬದುಕಿರುತ್ತದೆ, ಆಮೇಲೆ ಮತ್ತೆ ಮೊದಲಿನಿಂದ. ಇಳಿಸಿದ್ದನ್ನು ಬಿಚ್ಚಿ ನೋಡದೆ ಹಳೆಯದನ್ನು ಅಳಿಸಬೇಡಿ. ಅರ್ಧ ಇಳಿದು ಬಿಚ್ಚಿಕೊಳ್ಳದ ಜಿಪ್ ಕಡತವೇ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಕೈಕೊಡುವುದು. ನಾಲ್ಕು ಬೇರೆ ಬೇರೆ ವರ್ಷದ ಫೈಲ್ ತೆರೆದು, ಒಳಗೆ ನಿಜಕ್ಕೂ ಡೇಟಾ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಕೊಂಡ ವಸ್ತುಗಳ ರಸೀದಿ, ಆರ್ಡರ್ ಸಂಖ್ಯೆಗಳನ್ನು ಬೇರೆಯಾಗಿ ತೆಗೆದಿಡಿ. ಅವು ಎಷ್ಟೋ ಸಲ ಈ ಕಡತದಲ್ಲಿ ಬರುವುದಿಲ್ಲ, ಆಮೇಲೆ ಜಗಳವಾದರೆ ಸಹಾಯವಾಣಿಯವರು ಕೇಳುವುದು ಅದನ್ನೇ.

ಮೂರನೆಯದು, ಹಳೆಯ ಖಾತೆಯಲ್ಲಿ ಬೇಡವಾದದ್ದನ್ನು ದಾಟುವ ಮುಂಚೆಯೇ ಅಳಿಸುವುದು. ಸ್ಥಳದ ಇತಿಹಾಸ, ಧ್ವನಿ ತುಣುಕು, ಸಂಪರ್ಕ ಪಟ್ಟಿ, ಹಳೆಯ ಸಾಧನಗಳು. ದಾಟಿದ ಮೇಲೆ ಅಳಿಸಿದರೆ ಅಷ್ಟರಲ್ಲಿ ಹೊಸ ಪ್ರೊಫೈಲ್‌ನ ಲೆಕ್ಕಾಚಾರಕ್ಕೆ ಅದು ಸೇರಿಹೋಗಿರುತ್ತದೆ. ಸಂಪರ್ಕ ಪಟ್ಟಿಯನ್ನಂತೂ ಮರೆಯಲೇಬೇಡಿ. ‘ಇವರು ನಿಮಗೆ ಗೊತ್ತಿರಬಹುದು’ ಎಂದು ಗುಟ್ಟಾಗಿಟ್ಟ ಖಾತೆಯನ್ನು ಪರಿಚಿತರ ಮುಂದೆ ತಂದು ನಿಲ್ಲಿಸುವುದು ಅದೇ. ಇಷ್ಟಾದ ಮೇಲೆ ಹಳೆಯ ಖಾತೆಯ ಇಮೇಲನ್ನು ಅಲಿಯಾಸ್‌ಗೆ ಬದಲಾಯಿಸಿ, ಮೊಬೈಲ್ ಸಂಖ್ಯೆ ತೆಗೆಯಲು ಬಿಟ್ಟರೆ ತೆಗೆಯಿರಿ.

ಈಗ ಮುಖ್ಯ ಹೆಜ್ಜೆ. ನಿತ್ಯ ಬಳಸುವ ಖಾತೆಗೆ ಜೋಡಿಸಬೇಡಿ. ಆ ಒಂದು ಸೇವೆಗೆಂದೇ ಹೊಸ ಖಾತೆ ತೆರೆಯಿರಿ, ಅಲಿಯಾಸ್ ಇಮೇಲ್‌ನಲ್ಲಿ. ಇದನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅಥವಾ ಬ್ರೌಸರ್‌ನ ಬೇರೆ ಪ್ರೊಫೈಲ್‌ನಲ್ಲಿ, ಕಂಪ್ಯೂಟರ್ ಮೇಲೆ ಮಾಡಿ. ಫೋನಿನಲ್ಲಿ ಬೇಡ ಎನ್ನಲು ಕಾರಣವಿದೆ. ‘ಮುಂದುವರಿಸಿ’ ಒತ್ತಿದ ಕೂಡಲೇ ಆ್ಯಪ್ ಫೋನಿನ ಬ್ರೌಸರನ್ನೋ ಖಾತೆ ಆಯ್ಕೆಯ ಪಟ್ಟಿಯನ್ನೋ ಕರೆಯುತ್ತದೆ. ಅಲ್ಲಿ ನಿಮ್ಮ ಮುಖ್ಯ ಖಾತೆ ಈಗಾಗಲೇ ಲಾಗಿನ್ ಆಗಿ ಕೂತಿದೆ, ಪಟ್ಟಿಯ ಮೊದಲ ಸಾಲಿನಲ್ಲೇ. ಹೆಬ್ಬೆರಳು ಅದರ ಮೇಲೆ ಬಿತ್ತೆಂದರೆ ಮುಗಿಯಿತು. ಕೆಲವು ಆ್ಯಪ್‌ಗಳು ಪಟ್ಟಿಯನ್ನೂ ತೋರಿಸದೆ ಲಾಗಿನ್ ಆಗಿರುವ ಖಾತೆಯನ್ನೇ ಹಿಡಿದುಕೊಳ್ಳುತ್ತವೆ. ಖಾಲಿ ಬ್ರೌಸರ್ ಪ್ರೊಫೈಲ್‌ನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಹೊಸದಾಗಿ ತೆರೆದ ಖಾತೆಗೂ ಒಂದು ಅಪಾಯವಿದೆ, ಆಕ್ಯುಲಸ್‌ನವರಿಗೆ ಆದದ್ದು. ಹುಟ್ಟಿದ ಐದು ನಿಮಿಷಕ್ಕೇ ದೊಡ್ಡ ಖಾತೆಯೊಂದನ್ನು ಒಳಗೆಳೆದುಕೊಳ್ಳುವ ಖಾತೆ ಯಂತ್ರದ ಕಣ್ಣಿಗೆ ಅನುಮಾನವೇ. ಒಂದೆರಡು ವಾರ ಮುಂಚೆ ತೆರೆದು, ಎರಡು ಹಂತದ ಲಾಗಿನ್ ಹಾಕಿ, ರಿಕವರಿ ಕೋಡ್ ಕಾಗದದ ಮೇಲೆ ಬರೆದಿಟ್ಟು, ಎರಡು ಮೂರು ಸಲ ಲಾಗಿನ್ ಆಗಿ ಆಮೇಲೆ ಜೋಡಿಸಿ. ವಿಪಿಎನ್ ಆಗ ಬೇಡ. ಬೇರೆ ದೇಶದ ವಿಳಾಸ ಕಂಡರೆ ತಡೆ ಬೀಳುವುದು ಹೆಚ್ಚು.

ಒಂದೇ ಕಂಪನಿಯ ಎರಡು ಹಳೆಯ ಖಾತೆ ಇದ್ದರೆ ಎರಡನ್ನೂ ಒಂದರೊಳಗೆ ತುಂಬಬಹುದು ಎಂದು ಲೆಕ್ಕ ಹಾಕಬೇಡಿ. ಎರಡು ಮೊಜಾಂಗ್ ಖಾತೆಗೆ ಎರಡು ಮೈಕ್ರೊಸಾಫ್ಟ್ ಖಾತೆಯೇ ಬೇಕಿತ್ತು.

ವಿಂಡೋಸ್ 11 ಹಾಕುವಾಗ ಮೈಕ್ರೊಸಾಫ್ಟ್ ಖಾತೆ ಕೇಳುವುದೂ ಇದೇ ಜಾತಿಯದ್ದು, ಆದರೆ ಅಲ್ಲಿ ಹೋಗುವುದು ಗೌಪ್ಯತೆಯಷ್ಟೇ ಅಲ್ಲ. ಖಾತೆ ಜೋಡಿಸಿದಾಗ ಹಲವು ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ತಾನಾಗಿ ಗೂಢಲಿಪಿಗೆ ಹೋಗಿ, ಅದರ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಮೈಕ್ರೊಸಾಫ್ಟ್ ಖಾತೆಯಲ್ಲಿ ಕೂರುತ್ತದೆ. ಆ ಖಾತೆ ಬಂದ್ ಆದ ದಿನ ಮದರ್‌ಬೋರ್ಡ್ ಬದಲಾಯಿಸಿದಿರೋ, ನಿಮ್ಮ ಡಿಸ್ಕ್ ನಿಮಗೇ ತೆರೆಯದು. ಆ 48 ಅಂಕಿಗಳನ್ನು ಇವತ್ತೇ ಕಾಗದಕ್ಕೆ ಇಳಿಸಿ.

ಜೋಡಿಸಿದ ಮೇಲೆ

ಹೊಸ ಖಾತೆಯ ಸೆಟ್ಟಿಂಗ್ಸ್ ಹಳೆಯದರಿಂದ ದಾಟಿ ಬರುವುದಿಲ್ಲ. ಹಳೆಯ ಕಡೆ ನೀವು ಆಫ್ ಮಾಡಿಟ್ಟದ್ದೆಲ್ಲ ಇಲ್ಲಿ ಕಂಪನಿಯ ಇಷ್ಟದಂತೆ ಆನ್ ಆಗಿರುತ್ತದೆ. ಗೂಗಲ್‌ನಲ್ಲಿ ‘ವೆಬ್ ಮತ್ತು ಆ್ಯಪ್ ಚಟುವಟಿಕೆ’ಯ ತಾನಾಗಿ ಅಳಿಸುವ ಅವಧಿ ಹೊಸ ಖಾತೆಗೆ 18 ತಿಂಗಳು, ಅದನ್ನು 3ಕ್ಕೆ ಇಳಿಸಿ ಅಥವಾ ಪೂರ್ತಿ ನಿಲ್ಲಿಸಿ. ಮೆಟಾದಲ್ಲಿ ಅಕೌಂಟ್ಸ್ ಸೆಂಟರ್ ಒಳಗೆ ಯಾವ ಯಾವ ಪ್ರೊಫೈಲ್ ಸೇರಿವೆ ನೋಡಿ, ಬೇಡದ್ದನ್ನು ಹೊರಗೆ ಹಾಕಿ. ಹೊರಗೆ ಕಾಣುವ ಹೆಸರು ಮತ್ತು ಫೋಟೊ ಯಾವುದು ಎಂದು ಬೇರೆ ಬ್ರೌಸರ್‌ನಲ್ಲಿ, ಲಾಗಿನ್ ಆಗದೆ, ಪರೀಕ್ಷಿಸಿ. ಆಟದ ಅಡ್ಡಹೆಸರಿನ ಜಾಗದಲ್ಲಿ ಅಸಲಿ ಹೆಸರು ಬಂದು ಕೂರುವುದು ಇಂಥ ಹೊತ್ತಿನಲ್ಲೇ.

ಕಾನೂನಿನ ಬಲ ಇರುವುದು ಸದ್ಯಕ್ಕೆ ಹೆಚ್ಚಾಗಿ ಐರೋಪ್ಯ ಒಕ್ಕೂಟದವರಿಗೆ. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯ 5(2)ನೇ ವಿಧಿ 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳನ್ನು ಕಟ್ಟಿಹಾಕಿದೆ. ಒಪ್ಪಿಗೆ ಇಲ್ಲದೆ ಸೇವೆಗಳ ನಡುವೆ ಡೇಟಾ ಬೆರೆಸುವಂತಿಲ್ಲ, ಬೆರೆಸಲೆಂದು ಇನ್ನೊಂದು ಸೇವೆಗೆ ಲಾಗಿನ್ ಮಾಡಿಸುವಂತೆಯೂ ಇಲ್ಲ. ಈ ವಿಧಿಯಡಿ ಮೆಟಾಗೆ 2025ರ ಏಪ್ರಿಲ್‌ನಲ್ಲಿ 20 ಕೋಟಿ ಯೂರೊ ದಂಡ ಬಿತ್ತು. ಆರೋಗ್ಯದ ವಾಚು ಮಾಡುವ ಫಿಟ್‌ಬಿಟ್ ಕೊಳ್ಳಲು ಗೂಗಲ್‌ಗೆ 2020ರ ಡಿಸೆಂಬರ್‌ನಲ್ಲಿ ಅನುಮತಿ ಕೊಡುವಾಗಲೂ ಆಯೋಗ ಷರತ್ತು ಹಾಕಿತ್ತು: ಅಲ್ಲಿನವರ ಆರೋಗ್ಯದ ಡೇಟಾವನ್ನು 10 ವರ್ಷ ಜಾಹೀರಾತಿಗೆ ಬಳಸುವಂತಿಲ್ಲ. ಉಳಿದ ಕಡೆಯವರು ಬಹುಮಟ್ಟಿಗೆ ನೀತಿ ಪತ್ರದಲ್ಲಿ ಏನು ಬರೆದಿದೆಯೋ ಅದನ್ನೇ ನಂಬಿಕೊಂಡಿರಬೇಕು. ವಿಲೀನದ ದಿನ ಆ ಪತ್ರವನ್ನು ಪಿಡಿಎಫ್ ಮಾಡಿ ದಿನಾಂಕದ ಸಮೇತ ಇಟ್ಟುಕೊಳ್ಳಿ. ಆಮೇಲೆ ಅದು ಸದ್ದಿಲ್ಲದೆ ತಿದ್ದಿಹೋಗುತ್ತದೆ.

ಬೇರೆ ಖಾತೆ ಇಟ್ಟುಕೊಂಡವರು ಮರೆಯುವ ಸಂಗತಿ ಇನ್ನೊಂದು. ಗೂಗಲ್ ಮತ್ತು ಮೈಕ್ರೊಸಾಫ್ಟ್ ಎರಡೂ 2 ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದು. ವಾಚಿಗೋ ಆಟಕ್ಕೋ ಎಂದು ಮಾಡಿದ ಖಾತೆ, ಅದರ ಎಚ್ಚರಿಕೆಯ ಇಮೇಲ್ ಬರುವುದು ಅಲಿಯಾಸ್‌ಗೆ, ಅಲಿಯಾಸ್ ಸೇವೆಯ ಚಂದಾ ಅಷ್ಟರಲ್ಲಿ ಮುಗಿದಿದ್ದರೆ ಯಾರಿಗೂ ಸುದ್ದಿಯಿಲ್ಲ. ಕ್ಯಾಲೆಂಡರ್‌ನಲ್ಲಿ 6 ತಿಂಗಳಿಗೊಮ್ಮೆ ಲಾಗಿನ್ ಆಗುವ ನೆನಪೋಲೆ ಹಾಕಿಡಿ, ಅದೇ ದಿನ ಸೆಟ್ಟಿಂಗ್ಸ್ ಪುಟವನ್ನೂ ಒಮ್ಮೆ ತೆರೆದು ನೋಡಿ.